ಅತ್ತೆಯ ಕೈಗೆ ನೂರೆಂಬತ್ತು, ಅಳಿಯನ ಕೈಗೆ ಸಾವಿರದ ನೂರಿಪ್ಪತ್ತಾರು

ಸಿಲ್ವರ್ ಪೆಲಿಕನ್ ಆರೋಗ್ಯ ವಿಮಾ ಕಂಪನಿಯ
ಪೂರ್ವಾನುಮತಿ ವಿಭಾಗದ ಘನ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಎಮರಿವಿಲ್ಲಿನ ನಾಲ್ಕನೇ ಮಹಡಿಯ ಅಪಾರ್ಟ್‌ಮೆಂಟೊಂದರಿಂದ ತಮ್ಮ ಸದಸ್ಯನಾದ ಶಿವಶರಣ ಸಜ್ಜನನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬಲ ಮಣಿಕಟ್ಟಿನ ಮೇಲೆ ಇನ್ನೂ ಕೆಲವು ತಿಂಗಳು ಭಾರ ಹಾಕಬಾರದೆಂದು ಡಾಕ್ಟರು ಹೇಳಿರುವುದರಿಂದ ಸದ್ಯಕ್ಕೆ ಏಳೇ ಅಂಗಗಳಿಂದ ಮಾಡಿದ್ದೇನೆ. ಎಂಟನೆಯದನ್ನು ತಾವು ದೊಡ್ಡ ಮನಸ್ಸಿನಿಂದ ಮನ್ನಿಸಬೇಕು.

ಪತ್ರ ಕನ್ನಡದಲ್ಲಿದೆ. ತಾವು ಕಳಿಸುವ ಪ್ರತಿ ಕಾಗದದ ಹಿಂಬದಿಯಲ್ಲಿ 'ತಮಗೆ ತಮ್ಮ ಭಾಷೆಯಲ್ಲಿ ನೆರವು ಪಡೆಯುವ ಹಕ್ಕಿದೆ' ಎಂದು ಹದಿನೈದು ಭಾಷೆಗಳಲ್ಲಿ ಅಚ್ಚಾಗಿರುತ್ತದೆ. ಆ ಹದಿನೈದರಲ್ಲಿ ಕನ್ನಡವಿಲ್ಲ, ನಿಜ. ಆದರೆ ಇಂಗ್ಲಿಷಿನಲ್ಲಿ ಮೂರು ಸಲ ಬರೆದದ್ದು ತಮಗೆ ಅರ್ಥವಾಗದೆ ಹೋದುದರಿಂದ, ನಾಲ್ಕನೆಯದನ್ನು ಕನ್ನಡದಲ್ಲಿ ಬರೆದರೆ ಇಬ್ಬರಿಗೂ ನಷ್ಟವಿಲ್ಲವೆಂದು ತೋರಿತು. ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಇದು ಅಚ್ಚಾಗುತ್ತದೆ. ತಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರಲ್ಲಿ ಇಬ್ಬರಾದರೂ ಬೆಂಗಳೂರಿನವರು ಇದ್ದೇ ಇರುತ್ತಾರೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಅವರನ್ನು ಕರೆದು ಓದಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ನಾನು ಇಲ್ಲಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಹದಿಮೂರು ವರ್ಷದಿಂದ ಚಿತ್ರ ಬರೆಯುವವನು. ಸಿನಿಮಾ ಸಿನಿಮಾ ಆಗುವ ಮೊದಲು ಅದರ ಇಡೀ ಕಥೆಯನ್ನು ಪುಟ್ಟ ಪುಟ್ಟ ಚೌಕಗಳಲ್ಲಿ ಕೈಯಿಂದ ಬರೆದು ತೋರಿಸಬೇಕು. ಅದೇ ನನ್ನ ಕೆಲಸ. ಹೆಂಡತಿ ನಿವೇದಿತಾ ಬರ್ಕ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದಾಳೆ. ಕಳೆದ ಮೇ ತಿಂಗಳಲ್ಲಿ ಅವಳ ತಾಯಿ, ಅಂದರೆ ನಮ್ಮ ಅತ್ತೆಯವರಾದ ಗುರುಬಸವ್ವನವರು, ಆರು ತಿಂಗಳು ಇದ್ದುಹೋಗಲು ಬಂದರು. ಅವರು ಗುಳೇದಗುಡ್ಡದಲ್ಲಿ ಮೂವತ್ತೊಂದು ವರ್ಷ ಖಣದ ಅಂಗಡಿ ನಡೆಸಿದವರು. ಕುಪ್ಪಸದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಅದರ ಬೆಲೆ ಹೇಳುತ್ತಾರೆ. ಗಿರಾಕಿಯ ಮುಖವನ್ನು ದೂರದಿಂದ ನೋಡಿ ಅವರು ಎಷ್ಟು ಕೊಡುತ್ತಾರೆಂದೂ ಹೇಳುತ್ತಾರೆ.

ಬರುವ ಮೊದಲೇ ಅವರಿಗೆ ಪ್ರವಾಸಿಗರ ವಿಮೆ ಮಾಡಿಸೋಣವೆಂದು ನಿವೇದಿತಾ ಫೋನಿನಲ್ಲಿ ಗೋಗರೆದಿದ್ದಳು. ಅತ್ತೆಯವರು ಒಪ್ಪಲಿಲ್ಲ. "ಬರಲಾರದ ಜಡ್ಡಿಗೆ ಮೊದಲ ರೊಕ್ಕ ಕೊಟ್ಟು ಕುಂತ್ರ, ಜಡ್ಡು ದಾರಿ ಕೇಳ್ಕೋತ ಬರತೈತಿ" ಎಂದುಬಿಟ್ಟರು. ಆಗ ನಾನು ಅವರಿಗೆ ತಮ್ಮ ಕಂಪನಿಯ ಗುಣಗಾನ ಮಾಡಿದೆ. ಹಕ್ಕಿಯ ಚಿತ್ರವಿದ್ದ ತಮ್ಮ ನೀಲಿ ಕಾರ್ಡನ್ನು ಪರ್ಸಿನಿಂದ ತೆಗೆದು ವಿಡಿಯೋ ಕರೆಯಲ್ಲಿ ತೋರಿಸಿ, "ಅತ್ತೀ, ಇದೊಂದು ಇದ್ರ ಸಾಕು, ಇಲ್ಲಿ ಯಾರೂ ಏನೂ ಕೇಳಾಂಗಿಲ್ಲ" ಎಂದೆ. ಯಾರೂ ಏನೂ ಹೇಳುವುದೂ ಇಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನೂ ಅತ್ತೆಯವರೂ ಎಮರಿವಿಲ್ಲಿನ ದೋಣಿಕಟ್ಟೆಯ ಹಾದಿಯಲ್ಲಿ ಅಡ್ಡಾಡಲು ಹೋದೆವು. ಅಲ್ಲಿ ಹುಲ್ಲಿನ ಮೇಲೆ ಒಂದು ಹೆಬ್ಬಾತಿನ ಸಂಸಾರ ಮೇಯುತ್ತಿತ್ತು. ಐದು ಮರಿಗಳನ್ನು ಕಂಡು ಅತ್ತೆಯವರಿಗೆ ಪ್ರೀತಿ ಉಕ್ಕಿತು. ಊರಿಗೆ ಕಳಿಸಲು ಫೋಟೋ ಹೊಡೆಯುತ್ತ ಒಂದೊಂದೇ ಹೆಜ್ಜೆ ಹತ್ತಿರ ಹೋದರು. ತಾಯಿ ಹೆಬ್ಬಾತು ಕುತ್ತಿಗೆ ಚಾಚಿ, ರೆಕ್ಕೆ ಅಗಲಿಸಿ ಬುಸುಗುಡುತ್ತ ಓಡಿಬಂತು. ನಾನು ಅಡ್ಡ ನುಗ್ಗಿದೆ. ಅತ್ತೆಯವರು ನನ್ನ ಅಂಗಿ ಹಿಡಿದರು, ನನ್ನ ಕಾಲು ಅವರ ಸೀರೆಯ ನೆರಿಗೆಗೆ ಸಿಕ್ಕಿತು, ಇಬ್ಬರೂ ಒಟ್ಟಿಗೆ ಕಾಂಕ್ರೀಟಿನ ಮೇಲೆ ಬಲಗೈ ಊರಿ ಬಿದ್ದೆವು. ಹೆಬ್ಬಾತು ನಮ್ಮಿಬ್ಬರನ್ನೂ ಒಂದೇ ಕಣ್ಣಿನಿಂದ ನೋಡಿ, ಭೇದಭಾವ ಮಾಡದೆ, ಮರಿಗಳ ಕಡೆಗೆ ಮರಳಿತು.

ಅರ್ಧ ಗಂಟೆಯಲ್ಲಿ ಇಬ್ಬರ ಮಣಿಕಟ್ಟೂ ಊದಿಕೊಂಡಿತು. ನಿವೇದಿತಾ ಬಂದು ನಮ್ಮನ್ನು ಬರ್ಕ್ಲಿಯ ಒಂದು ತುರ್ತು ಚಿಕಿತ್ಸೆಯ ಕ್ಲಿನಿಕ್ಕಿಗೆ ಕರೆದೊಯ್ದಳು. ಕೌಂಟರಿನಲ್ಲಿ ನಾನು ತಮ್ಮ ಕಾರ್ಡನ್ನು ಎಡಗೈಯಿಂದ, ಆದರೆ ಗತ್ತಿನಿಂದ, ಮುಂದಿಟ್ಟೆ. ಅಲ್ಲಿದ್ದ ಹುಡುಗಿ ಅದನ್ನು ಕಂಪ್ಯೂಟರಿಗೆ ತೋರಿಸಿ, "ಇವತ್ತು ನೀವೇನೂ ಕೊಡಬೇಕಾಗಿಲ್ಲ" ಎಂದಳು. ಅತ್ತೆಯವರ ಹತ್ತಿರ ಕಾರ್ಡಿಲ್ಲವೆಂದು ಗೊತ್ತಾದಾಗ ಅದೇ ಹುಡುಗಿ ಒಂದು ಹಾಳೆ ತೆಗೆದು, ನಗದು ಕೊಡುವವರಿಗೆ ಡಾಕ್ಟರ ಶುಲ್ಕ, ಎಕ್ಸ್‌ರೇ, ಪಟ್ಟಿ ಎಲ್ಲ ಸೇರಿ ನೂರೆಂಬತ್ತು ಡಾಲರೆಂದು ಬೆರಳಿಟ್ಟು ತೋರಿಸಿದಳು. ನಿವೇದಿತಾ ಕೊಟ್ಟಳು. ಕಾಯುವ ಕುರ್ಚಿಯಲ್ಲಿ ಕೂತು ನಾನು ಅತ್ತೆಯವರಿಗೆ, "ನೋಡಿದ್ರಿಲ್ಲೋ, ವಿಮಾ ಇದ್ರ ಹಿಂಗ" ಎಂದೆ. ಆ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದೇ ಯಂತ್ರದ ಕೆಳಗೆ, ಹತ್ತು ನಿಮಿಷದ ಅಂತರದಲ್ಲಿ, ಇಬ್ಬರ ಕೈಯ ಚಿತ್ರವೂ ತೆಗೆಯಲ್ಪಟ್ಟಿತು. ಇಬ್ಬರದೂ ಮುರಿದಿಲ್ಲವೆಂದರು. ಇಬ್ಬರಿಗೂ ಒಂದೇ ಬಣ್ಣದ ಪಟ್ಟಿ ಕಟ್ಟಿದರು. ಅತ್ತೆಯವರು ಹತ್ತನೇ ದಿನಕ್ಕೆ ಪಟ್ಟಿ ಬಿಚ್ಚಿ ರೊಟ್ಟಿ ತಟ್ಟಿದರು. ನನ್ನ ಹೆಬ್ಬೆರಳಿನ ಬುಡ ಮಾತ್ರ ಪೆನ್ಸಿಲು ಹಿಡಿದರೆ ಸಾಕು, ಒಳಗೆ ಯಾರೋ ಮೊಳೆ ಹೊಡೆದಂತೆ ನೋಯುತ್ತಿತ್ತು.

ನಮ್ಮ ಡಾಕ್ಟರು ಆ ಜಾಗವನ್ನು ಒತ್ತಿದರು, ನಾನು ಕೂಗಿದೆ, ಅವರಿಗೆ ಅಷ್ಟು ಸಾಕಾಯಿತು. ಅಲ್ಲೊಂದು ಗೋಡಂಬಿಯಾಕಾರದ ಪುಟ್ಟ ಮೂಳೆ ಇದೆಯಂತೆ. ಅದು ಬಿರುಕು ಬಿಟ್ಟರೆ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲವಂತೆ. ಅದಕ್ಕೆ ರಕ್ತ ಹೋಗುವುದೇ ಕಡಿಮೆ, ತಡಮಾಡಿದರೆ ಒಳಗೇ ಸತ್ತುಹೋಗಬಹುದು. ಆಮೇಲೆ ಮಣಿಕಟ್ಟು ಮೊದಲಿನಂತೆ ಆಗುವ ಭರವಸೆಯಿಲ್ಲ. "ನೀವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಒಂದು ಕ್ಷಣ ನನ್ನ ಕೈಯನ್ನೇ ನೋಡಿದರು. ಎಂ.ಆರ್.ಐ. ಬೇಕು, ಈ ವಾರವೇ ಬೇಕು ಎಂದು ಬರೆದು ಅನುಮತಿಗಾಗಿ ತಮ್ಮ ವಿಭಾಗಕ್ಕೆ ಕಳಿಸಿದರು.

ಮಾನ್ಯರೇ, ತಾವು ಆತುರಗೇಡಿಗಳಲ್ಲ. ಹನ್ನೊಂದು ದಿನ ಆಲೋಚಿಸಿ, ಈ ಪರೀಕ್ಷೆ ವೈದ್ಯಕೀಯವಾಗಿ ಅಗತ್ಯವೆಂದು ಕಂಡುಬಂದಿಲ್ಲವೆಂದೂ, ಮೊದಲು ಆರು ವಾರ ಕೈಗೆ ವ್ಯಾಯಾಮ ಮಾಡಿಸಿ ನೋಡತಕ್ಕದ್ದೆಂದೂ ಬರೆದಿರಿ. ಮುರಿದಿರಬಹುದಾದ ಮೂಳೆಗೆ ವ್ಯಾಯಾಮ ಮಾಡಿಸಿದರೆ ಅದು ಮುರಿದಿದೆಯೋ ಇಲ್ಲವೋ ಎಂಬುದು ಯಾವ ಯಂತ್ರದ ಹಂಗೂ ಇಲ್ಲದೆ ಗೊತ್ತಾಗುತ್ತದೆ ಎಂಬ ತಮ್ಮ ಸರಳ ವಿಜ್ಞಾನಕ್ಕೆ ನಾನು ತಲೆಬಾಗಿದೆ. ನಮ್ಮ ಡಾಕ್ಟರು ತಲೆಬಾಗಲಿಲ್ಲ. ತಮ್ಮ ಕಡೆಯ ವೈದ್ಯರೊಂದಿಗೆ ಮಾತಾಡಿಯೇ ತೀರುತ್ತೇನೆಂದು ಹಟ ಹಿಡಿದು ಮೂರು ದಿನ ಪ್ರಯತ್ನಿಸಿದರು. ಕೊನೆಗೆ ಫೋನಿಗೆ ಬಂದು ಅದೇ ಆರು ವಾರದ ವ್ಯಾಯಾಮ ಹೇಳಿದವರು ಚರ್ಮರೋಗ ತಜ್ಞರು. ಮೂಳೆಯ ಮೇಲೆ ಚರ್ಮ ಇದ್ದೇ ಇರುವುದರಿಂದ ಆಯ್ಕೆಯಲ್ಲಿ ತಪ್ಪು ಹುಡುಕಲಾಗದು.

ನಾನೂ ಫೋನು ಮಾಡಿದೆ. ಐವತ್ತೆರಡು ನಿಮಿಷ ಕಾದೆ. ನಿಮಿಷಕ್ಕೊಮ್ಮೆ ಒಂದು ಹೆಣ್ಣುದನಿ, ನನ್ನ ಕರೆ ತಮಗೆ ಬಹಳ ಮುಖ್ಯವೆಂದು ಹೇಳುತ್ತಿತ್ತು. ನಾನು ಇಷ್ಟು ಮುಖ್ಯನೆಂದು ಹೆತ್ತ ತಾಯಿಯೂ ಇಷ್ಟು ಸಲ ಹೇಳಿರಲಿಲ್ಲ. ಆಮೇಲೆ ಬಂದ ಸಿಬ್ಬಂದಿಯೊಬ್ಬರು ಬಹಳ ಮೃದುವಾಗಿ ನನ್ನ ಹುಟ್ಟಿದ ದಿನಾಂಕ ಕೇಳಿದರು, ನೋವಿಗೆ ಮರುಗಿದರು, ಮೇಲ್ಮನವಿಗೆ ಮೂವತ್ತು ದಿನ ಹಿಡಿಯುತ್ತದೆಂದರು. ಮೂಳೆಗೆ ಈ ಮೂವತ್ತು ದಿನದ ವಿಷಯವನ್ನು ಯಾರು ತಿಳಿಸಬೇಕೆಂದು ಕೇಳಿದೆ. ಅದು ತಮ್ಮ ವಿಭಾಗಕ್ಕೆ ಬರುವುದಿಲ್ಲವೆಂದರು. ಮೇಲ್ಮನವಿ ಬರೆದು ಕಳಿಸಿದೆ.

ಈ ನಡುವೆ ಸ್ಟುಡಿಯೋದಲ್ಲಿ ನನ್ನ ಮೇಜಿನ ಮೇಲೆ ಒಂದು ದೃಶ್ಯವಿತ್ತು. ಮುದುಕಿಯೊಬ್ಬಳು ಹಡಗು ಹತ್ತುವ ದೃಶ್ಯ. ಹದಿನಾಲ್ಕು ತಿಂಗಳಿಂದ ಬರೆದು, ಅಳಿಸಿ, ಮತ್ತೆ ಬರೆದಿದ್ದೆ. ಎಡಗೈಯಿಂದ ಪ್ರಯತ್ನಿಸಿದೆ. ಮುದುಕಿ ಬಂದಳು, ಹಡಗು ಬರಲಿಲ್ಲ. ಜುಲೈ ಕೊನೆಯಲ್ಲಿ ಮೇಲಿನವರು ನನ್ನನ್ನು ಕೂರಿಸಿಕೊಂಡು, ಕೈ ವಾಸಿಯಾಗುವವರೆಗೆ ಅಂತ ಹೇಳಿ, ಆ ದೃಶ್ಯವನ್ನು ಬೇರೆಯವರಿಗೆ ಕೊಟ್ಟರು. ಒಳ್ಳೆಯವರು, ಬೇಸರದಿಂದಲೇ ಕೊಟ್ಟರು. ನಾನು ಮನೆಗೆ ಬಂದು ಯಾರಿಗೂ ಹೇಳದೆ ಪಾತ್ರೆ ತೊಳೆಯುತ್ತ ನಿಂತೆ. ಒಂದೇ ಕೈಯಲ್ಲಿ ಪಾತ್ರೆ ತೊಳೆಯುವವನನ್ನು ನೋಡಿ ಅತ್ತೆಯವರು ಪಕ್ಕಕ್ಕೆ ಬಂದು ಒಂದೊಂದನ್ನೇ ಒರೆಸಿಟ್ಟರು.

ಅದೇ ವಾರ ಅಂಚೆಯಲ್ಲಿ ಬರ್ಕ್ಲಿಯ ಬಿಲ್ಲು ಬಂತು. ನನ್ನ ಎಕ್ಸ್‌ರೇ, ನನ್ನ ಡಾಕ್ಟರು, ನನ್ನ ಪಟ್ಟಿ: ಸಾವಿರದ ನೂರಿಪ್ಪತ್ತಾರು ಡಾಲರು. ಕ್ಲಿನಿಕ್ಕಿನವರು ತಮ್ಮ ಜೊತೆ ಮಾಡಿಕೊಂಡ ಒಪ್ಪಂದದ ವಿಶೇಷ ದರವಂತೆ. ವರ್ಷದ ಮೊದಲ ಐದು ಸಾವಿರ ಡಾಲರು ನನ್ನ ಜೇಬಿನಿಂದಲೇ ಹೋದ ಮೇಲೆ ಮಾತ್ರ ತಾವು ತಮ್ಮ ಜೇಬಿಗೆ ಕೈ ಹಾಕುವ ನಿಯಮವಿರುವುದರಿಂದ ಪೂರ್ತಿ ನಾನೇ ಕೊಡತಕ್ಕದ್ದು. ಸುದ್ದಿಯನ್ನು ಮುಚ್ಚಿಡಲು ನೋಡಿದೆ. ಆದರೆ ಅತ್ತೆಯವರು ಅಂಕಿಗಳನ್ನು ಯಾವ ಭಾಷೆಯಲ್ಲಿದ್ದರೂ ಓದುತ್ತಾರೆ.

"ಅಳ್ಯಾರ, ಇದು ಯಾರ ಕೈದು?"

"ನನ್ನದರೀ."

"ನನ್ನ ಕೈಗೆ ನೂರಾ ಎಂಬತ್ತು, ನಿಮ್ಮ ಕೈಗೆ ಸಾವಿರದ ಮ್ಯಾಲ? ಯಂತ್ರ ಒಂದ, ಮಂದಿ ಒಬ್ರ. ಹೆಚ್ಚಿಗಿ ಏನ್ ಕೊಟ್ರು ನಿಮಗ?"

"ನನ್ನ ಹತ್ರ ವಿಮಾ ಐತಲ್ಲರೀ, ಅದಕ್ಕ."

ಅತ್ತೆಯವರು ಬಿಲ್ಲನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಮೂವತ್ತೊಂದು ವರ್ಷ ವ್ಯಾಪಾರ ಮಾಡಿದವರಿಗೆ ಅರ್ಥವಾಗದ ವ್ಯಾಪಾರವೊಂದು ಕೈಗೆ ಸಿಕ್ಕಿತ್ತು. "ಖಾಯಂ ಗಿರಾಕಿಗೆ ಹೆಚ್ಚಿನ ರೇಟು, ದಾರಿಮ್ಯಾಗ ಹೋಗಾಕಿಗೆ ಕಡಿಮಿ ರೇಟು. ಇದೇನ ಅಂಗಡಿನೋ, ಮತ್ತೇನರ ಐತೋ" ಎಂದರು. ಆಮೇಲೆ ಕೇಳಿದರು: "ಆ ದೊಡ್ಡ ಯಂತ್ರದ ರೇಟು ಎಷ್ಟಂತ ಕೇಳೀರೇನು?"

ಕೇಳಿರಲಿಲ್ಲ. ಈ ದೇಶಕ್ಕೆ ಬಂದು ಹದಿನೇಳು ವರ್ಷವಾಯಿತು, ಟೊಮೆಟೊಗೆ ಮೂರು ಅಂಗಡಿ ಸುತ್ತುತ್ತೇನೆ, ಆಸ್ಪತ್ರೆಯಲ್ಲಿ ಬೆಲೆ ಕೇಳಬಹುದೆಂದು ನನಗೆ ತೋಚಿರಲೇ ಇಲ್ಲ. ತಾವು ಕಲಿಸಿದ ಸಂಸ್ಕಾರ ಅಷ್ಟು ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ನಾವು ಮೂವರೂ ಫ್ರೀವೇ ಹಿಡಿದು ದಕ್ಷಿಣಕ್ಕೆ ಅರ್ಧ ಗಂಟೆ ದೂರದ ಒಂದು ಸ್ಕ್ಯಾನ್ ಕೇಂದ್ರಕ್ಕೆ ಹೋದೆವು. ಕೌಂಟರಿನಲ್ಲಿದ್ದ ಮಾರಿಸೋಲ್ ಎಂಬ ಹೆಣ್ಣುಮಗಳು ನನ್ನ ಹೆಸರು ಹಾಕಿದ ಕೂಡಲೇ ತೆರೆಯ ಮೇಲೆ ತಾವು ಪ್ರತ್ಯಕ್ಷರಾದಿರಿ. ವಿಮೆಯ ದರ ಎರಡು ಸಾವಿರದ ಮುನ್ನೂರು, ಅದೂ ತಮ್ಮ ಅನುಮತಿ ಬಂದ ಮೇಲೆ. ನಗದು ಕೊಡುವವರಿಗೆ ಎಷ್ಟೆಂದು ಕೇಳಿದೆ. ನಾನೂರ ಇಪ್ಪತ್ತು, ಆದರೆ ಅದು ವಿಮೆ ಇಲ್ಲದವರಿಗೆ, ನಿಮಗೆ ಇದೆಯಲ್ಲ ಎಂದು ಆಕೆ ಕನಿಕರದಿಂದ ನೋಡಿದಳು. ಮಾನ್ಯರೇ, ಜೀವನದಲ್ಲಿ ಮೊದಲ ಸಲ ನಾನು ಒಬ್ಬ ಅಪರಿಚಿತಳ ಮುಂದೆ ನಿಂತು, ನನಗೆ ವಿಮೆ ಇಲ್ಲವೆಂದೇ ತಿಳಿಯಿರಿ, ನಾನು ಅಂಥವನಲ್ಲ, ಆಫೀಸಿನವರು ಒತ್ತಾಯಕ್ಕೆ ಮಾಡಿಸಿದ್ದು ಎಂದು ಬೇಡಿಕೊಂಡೆ.

ಆಗ ಅತ್ತೆಯವರು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಕೌಂಟರಿನ ಮುಂದೆ ನಿಂತರು. ಸೆರಗು ಸರಿಮಾಡಿಕೊಂಡರು. ನಿವೇದಿತಾ ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದಳು, ಅವಳನ್ನೂ ತಡೆದರು. "ತಂಗೀ, ಇವರ ಕೈ ನೋಡವಾ" ಎಂದು ನನ್ನ ಕೈಯೆತ್ತಿ ತೋರಿಸಿದರು. ಗಾಳಿಯಲ್ಲಿ ಬೆರಳಾಡಿಸಿ ಚಿತ್ರ ಬರೆದರು. ಹೆಬ್ಬಾತಿನಂತೆ ಕುತ್ತಿಗೆ ಚಾಚಿ ಬುಸುಗುಟ್ಟಿದರು. ಕಾಯುತ್ತಿದ್ದ ನಾಲ್ಕು ಜನ ಫೋನು ಕೆಳಗಿಟ್ಟು ನೋಡಿದರು. ಮಾರಿಸೋಲ್ ನಕ್ಕು, ತನ್ನ ಅಜ್ಜಿಯೂ ಹೀಗೇ ಎಂದು ನಿವೇದಿತಾಳಿಗೆ ಹೇಳಿ, ಒಳಗೆ ಹೋಗಿ ಒಂದು ಫಾರಮು ತಂದಳು. ಈ ಒಂದು ಪರೀಕ್ಷೆಯ ಮಟ್ಟಿಗೆ ನಾನು ನನ್ನ ವಿಮೆಯನ್ನು ಬಳಸಲು ಒಲ್ಲೆನೆಂದು ಸಹಿ ಮಾಡಬೇಕು, ಅಷ್ಟೇ. ಎಡಗೈಯಲ್ಲಿ ಸಹಿ ಮಾಡಿದೆ; ನನ್ನ ಹೆಸರು ಬೇರೆ ಯಾರದೋ ಹೆಸರಿನಂತೆ ಕಂಡಿತು.

ಅತ್ತೆಯವರು ಅಲ್ಲಿಗೂ ಬಿಡಲಿಲ್ಲ. ಮೂರು ಬೆರಳು, ಆಮೇಲೆ ಅರ್ಧ ಬೆರಳು ತೋರಿಸಿದರು: ಮುನ್ನೂರೈವತ್ತು. ಮಾರಿಸೋಲ್ ಮೇಲಿನವರಿಗೆ ಫೋನು ಮಾಡಿದಳು. ಇವತ್ತೇ ಕೊಟ್ಟರೆ ಮುನ್ನೂರೆಂಬತ್ತು ಎಂದಳು. ಅತ್ತೆಯವರು ಒಪ್ಪಿ, ಸೊಂಟದ ಚಂಚಿಯಿಂದ ಹುಬ್ಬಳ್ಳಿಯಲ್ಲಿ ಬದಲಾಯಿಸಿ ತಂದಿದ್ದ ನೋಟುಗಳನ್ನು ತೆಗೆದು ಎಣಿಸತೊಡಗಿದರು. ನಾನು ಬೇಡವೇ ಬೇಡವೆಂದೆ.

"ಸುಮ್ನಿರ್ರಿ ಅಳ್ಯಾರ. ಅವತ್ತ ನೀವು ಅಡ್ಡ ನಿಂದರಲಿಲ್ಲ ಅಂದ್ರ ಈ ಮುರುಕ ಕೈ ನಂದ ಆಗತಿತ್ತು. ನಾ ಈ ಕೈಲೆ ರೊಟ್ಟಿ ಬಡಿತೀನಿ, ಬಿಟ್ರ ಬಿಟ್ಟೆ. ನಿಮ್ಮದು ಹಂಗಲ್ಲ."

ನಿವೇದಿತಾ ಕಿಟಕಿಯ ಕಡೆ ತಿರುಗಿ ನಿಂತಳು. ನಾನು ಮಾರಿಸೋಲಳ ಮೇಜಿನ ಮೇಲಿದ್ದ ಹೂಕುಂಡವನ್ನು ನೋಡಿದೆ. ಆ ಹೂವಿನ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ, ಆದರೆ ಅದರಲ್ಲಿ ಒಂಬತ್ತು ಎಲೆಗಳಿದ್ದವು.

ಒಂದು ಗಂಟೆಯಲ್ಲಿ ಪರೀಕ್ಷೆ ಮುಗಿಯಿತು. ಸಂಜೆ ಡಾಕ್ಟರೇ ಫೋನು ಮಾಡಿದರು. ಗೋಡಂಬಿಯ ನಡುವೆ ಬಿರುಕು. ಇನ್ನೂ ಜೀವವಿದೆ, ಆದರೆ ತಮ್ಮ ಆರು ವಾರದ ವ್ಯಾಯಾಮ ಮಾಡಿದ್ದರೆ ಇರುತ್ತಿರಲಿಲ್ಲ ಎಂದರು. ಎರಡನೇ ದಿನ ಹೆಬ್ಬೆರಳು ಸೇರಿಸಿ ಪ್ಲಾಸ್ಟರು ಹಾಕಿದರು. ಹನ್ನೊಂದು ವಾರ ಇತ್ತು. ಅಕ್ಟೋಬರಿನಲ್ಲಿ ಬಿಚ್ಚಿದಾಗ ಅತ್ತೆಯವರು ಜೊತೆಗಿದ್ದರು. ಒಣಗಿದ ತೊಗಟೆಯಂತಾಗಿದ್ದ ನನ್ನ ಕೈಯನ್ನು ಬಟ್ಟೆ ಪರೀಕ್ಷಿಸುವಂತೆ ಬೆರಳಲ್ಲಿ ಉಜ್ಜಿ ನೋಡಿ, "ಮಾಲು ಚಲೋ ಐತಿ" ಎಂದರು. ಮೊದಲ ವಾರ ನೇರ ಗೆರೆಯನ್ನೂ ಎಳೆಯಲಾಗಲಿಲ್ಲ. ಈಗ ಎಳೆಯುತ್ತೇನೆ. ಹಡಗಿನ ದೃಶ್ಯ ನನಗೆ ಮರಳಿ ಬರಲಿಲ್ಲ; ಇನ್ನೊಬ್ಬರು ಅದನ್ನು ಚೆನ್ನಾಗಿಯೇ ಮುಗಿಸಿದ್ದಾರೆ. ಅದಕ್ಕೆ ತಾವು ಯಾವ ದರವನ್ನೂ ಗೊತ್ತುಮಾಡಿಲ್ಲವಾದ್ದರಿಂದ ನಾನೂ ಕೇಳುವುದಿಲ್ಲ.

ಮುಂದಿನದ್ದಂತೂ ತಮ್ಮ ಕೀರ್ತಿಯನ್ನು ಹೆಚ್ಚಿಸುವಂಥದು. ಮುನ್ನೂರೆಂಬತ್ತರ ರಸೀದಿಯನ್ನು ತಮಗೆ ಕಳಿಸಿ, ನಾನು ಮೊದಲು ಕೊಡಬೇಕಾದ ಐದು ಸಾವಿರದಲ್ಲಿ ಇದನ್ನಾದರೂ ಎಣಿಸಿರೆಂದು ಕೇಳಿದೆ. ತಮ್ಮ ಮೂಲಕ ಆಗದ ಪರೀಕ್ಷೆ ತಮ್ಮ ದೃಷ್ಟಿಯಲ್ಲಿ ಆಗಿಯೇ ಇಲ್ಲವೆಂದಿರಿ. ಅನಂತರ ಪ್ಲಾಸ್ಟರಿನ ಬಿಲ್ಲು ಬಂದಾಗ, ಮೂಳೆ ಮುರಿದ ದಾಖಲೆಯೇ ತಮ್ಮಲ್ಲಿಲ್ಲದಿರುವಾಗ ಪ್ಲಾಸ್ಟರು ಏಕೆಂದು ವಿವರಣೆ ಕೇಳಿದಿರಿ. ಕೊನೆಗೆ ಅಕ್ಟೋಬರ್ ಇಪ್ಪತ್ತೆಂಟರಂದು, ಪ್ಲಾಸ್ಟರು ಕಸದ ಬುಟ್ಟಿ ಸೇರಿ ಒಂಬತ್ತು ದಿನವಾದ ಮೇಲೆ, ಅಭಿನಂದನೆಗಳೊಂದಿಗೆ ಒಂದು ದಪ್ಪ ಲಕೋಟೆ ಬಂತು: ನನ್ನ ಮೇಲ್ಮನವಿ ಮಂಜೂರಾಗಿದೆ, ಎಂ.ಆರ್.ಐ. ಮಾಡಿಸಿಕೊಳ್ಳಲು ಅನುಮತಿಯಿದೆ, ಮೂವತ್ತು ದಿನದೊಳಗೆ ಬಳಸಿಕೊಳ್ಳತಕ್ಕದ್ದು.

ಇಷ್ಟು ದೊಡ್ಡ ಉಡುಗೊರೆಯನ್ನು ವ್ಯರ್ಥ ಮಾಡಲು ಮನಸ್ಸಾಗದೆ ಕೆಲವು ವಿನಂತಿಗಳನ್ನು ತಮ್ಮ ಪಾದದಲ್ಲಿಡುತ್ತಿದ್ದೇನೆ. ಆ ಅನುಮತಿಯನ್ನು ಮುಂದೆ ಮುರಿಯಲಿರುವ ಯಾವುದಾದರೂ ಮೂಳೆಗೆ ವರ್ಗಾಯಿಸಬೇಕು. ಯಾವ ಮೂಳೆಯೆಂದು ತಾವೇ ಆರಿಸಿದರೆ ನಾನು ಹೋಗಿ ಬೀಳುವ ವ್ಯವಸ್ಥೆ ಮಾಡಿಕೊಳ್ಳುತ್ತೇನೆ. ನನ್ನ ಹೊಸ ಕಾರ್ಡಿನ ಮೇಲೆ 'ಈ ಕಾರ್ಡುಳ್ಳವನಿಗೆ ಯಾವ ವಿಮೆಯೂ ಇರುವುದಿಲ್ಲ' ಎಂದು ತಮ್ಮ ಮೊಹರಿನೊಡನೆ ಅಚ್ಚು ಹಾಕಿಸಿಕೊಟ್ಟರೆ ಆಸ್ಪತ್ರೆಗಳಲ್ಲಿ ನನಗೆ ತಕ್ಕ ಮರ್ಯಾದೆ ಸಿಗುತ್ತದೆ. ಅದಕ್ಕಾಗಿ ಕಂತನ್ನು ಕೊಂಚ ಹೆಚ್ಚಿಸಿದರೂ ಚಿಂತೆಯಿಲ್ಲ. ಚರ್ಮರೋಗ ತಜ್ಞರಿಗೆ ನನ್ನ ನಮಸ್ಕಾರ ತಿಳಿಸಬೇಕು. ಪ್ಲಾಸ್ಟರಿನ ಅಡಿಯಲ್ಲಿ ಬಹಳ ತುರಿಸಿತು, ಆಗ ಅವರನ್ನು ತುಂಬಾ ನೆನೆಸಿಕೊಂಡೆ. ಮತ್ತು ತಮ್ಮ ದರ ನಿಗದಿ ವಿಭಾಗಕ್ಕೆ ಗುರುಬಸವ್ವನವರನ್ನು ಮುಖ್ಯಸ್ಥರನ್ನಾಗಿ ನೇಮಿಸಬೇಕು. ಅವರು ನವೆಂಬರ್ ಮೊದಲ ವಾರ ಊರಿಗೆ ಮರಳಿದ್ದಾರೆ. ಫೋನಿನಲ್ಲಿ ಕೇಳಿ ನೋಡಿದೆ. ಅಮಾವಾಸ್ಯೆಗೆ ರಜೆ ಕೊಡಬೇಕೆಂದೂ, ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಬೆಲೆ ಹೇಳುವ ಅಂಗಡಿಯಾದರೆ ಮಾತ್ರ ಬರುವೆನೆಂದೂ ತಿಳಿಸಿದ್ದಾರೆ. ಎರಡನೇ ಷರತ್ತು ತಮಗೆ ಕಷ್ಟವೆಂದು ನಾನೇ ಅವರಿಗೆ ವಿವರಿಸಿದ್ದೇನೆ.

ಕೇಳದಿದ್ದರೂ ಪ್ರತಿ ಸಂಬಳದಲ್ಲಿ ತಾವು ಮರೆಯದೆ ಕತ್ತರಿಸಿಕೊಳ್ಳುವ ಮೊತ್ತದಷ್ಟೇ ಗಟ್ಟಿಯಾದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಶಿವಶರಣ ಸಜ್ಜನ
(ಬಲಗೈಯ ಸಹಿ)

ಮರೆತ ಮಾತು: ಕಂಪನಿ ಬದಲಾಯಿಸುವ ಅವಕಾಶ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬರುತ್ತದೆ. ನಮ್ಮ ಆಫೀಸು ಮೂರು ಆಯ್ಕೆ ಕೊಟ್ಟಿತ್ತು. ಎರಡು ತಮ್ಮವೇ ಆಗಿದ್ದುದರಿಂದ, ಮನಸ್ಸು ಕಲ್ಲು ಮಾಡಿಕೊಂಡು ತಮ್ಮನ್ನು ತೊರೆದು ಮೂರನೆಯದಕ್ಕೆ ಸೇರಿದೆ. ಈ ಪತ್ರ ಅಂಚೆಗೆ ಬೀಳುವ ಮೊದಲೇ ಅವರ ಕಾರ್ಡು ಬಂತು. ಚೆಂದದ ಹಸಿರು ಬಣ್ಣ, ಬೇರೆ ಹಕ್ಕಿ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ 'ಸಿಲ್ವರ್ ಪೆಲಿಕನ್ ಸಮೂಹದ ಸಂಸ್ಥೆ' ಎಂದಿದೆ. ಆದಕಾರಣ ತಾವು ಈ ಪತ್ರವನ್ನು ದಯಮಾಡಿ ಎರಡು ಸಲ ಓದಿಕೊಳ್ಳಬೇಕು: ನಾನು ಬಿಟ್ಟು ಹೋದ ಕಂಪನಿಯಾಗಿ ಒಮ್ಮೆ, ನಾನು ಓಡಿಬಂದು ಸೇರಿದ ಕಂಪನಿಯಾಗಿ ಇನ್ನೊಮ್ಮೆ.